ಅನ್ಯಭಾಷಾ ಪ್ರೇಕ್ಷಕರು ಮತ್ತು ಕನ್ನಡ ಸಂಗೀತ ನಾಟಕ: ಗುಬ್ಬಿ ಸೀಮೆಯಿಂದ ಒಂದು ಅವಲೋಕನ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಪೌರಾಣಿಕ ನಾಟಕವಾಡುವ ಪದ್ಧತಿ ಇಂದಿಗೂ ಉಳಿದುಬಂದಿದೆ. ಸುವರ್ಣಮುಖಿ ಹೊಳೆಗೆ ಕಟ್ಟಿರುವ ಬೋರನಕಣಿವೆ ಜಲಾಶಯದ ಆಸುಪಾಸಿನ ಊರುಗಳಲ್ಲಾಗಲಿ, ತಿಪಟೂರಿನ ಸುತ್ತಣ ಹಳ್ಳಿಗಳಲ್ಲಾಗಲಿ, ಜಾತ್ರೆ ಪರಿಷೆಗಳ ಕಾಲ ಬಂತೆಂದರೆ ರೈತರು, ಶಾಲಾ ಶಿಕ್ಷಕರು, ಕೊಬ್ಬರಿ ವ್ಯಾಪಾರದವರು ಒಟ್ಟುಗೂಡಿ, ಹಾರ್ಮೋನಿಯಂ ಮೇಷ್ಟರೊಬ್ಬರನ್ನು ಗೊತ್ತುಮಾಡಿಕೊಂಡು, 'ಕುರುಕ್ಷೇತ್ರ'ದಂತಹ ನಾಟಕವೊಂದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಸೀನರಿ, ಉಡುಪು, ಕಿರೀಟ, ಗದೆಗಳೆಲ್ಲ ಬಾಡಿಗೆಗೆ ಬರುತ್ತವೆ. ಈ ಪರಂಪರೆಗೆ ಮೂಲವಾದ ಹಳೆಯ ಕಂಪನಿ ನಾಟಕಗಳ ಮುದ್ರಿತ ಪ್ರತಿಗಳನ್ನು ತೆರೆದರೆ ಹಾಡುಗಳ ತಲೆಯ ಮೇಲೆ ರಾಗ ತಾಳಗಳ ಜೊತೆಗೆ ಮತ್ತೊಂದು ಸೂಚನೆ ಕಣ್ಣಿಗೆ ಬೀಳುತ್ತದೆ. 'ಇಂಥ ಹಾಡಿನ ಮಟ್ಟು' ಎಂಬುದೇ ಆ ಸೂಚನೆ. ಹಾಗೆ ಹೆಸರಿಸಿದ ಹಾಡು ಹಲವು ವೇಳೆ ಕನ್ನಡದ್ದೇ ಅಲ್ಲ. ಮರಾಠಿಯದು, ಹಿಂದೂಸ್ತಾನಿಯದು, ತಮಿಳಿನದು ಅಥವಾ ತೆಲುಗಿನದು. ಆ ಮೂಲ ಹಾಡನ್ನು ಎಂದೂ ಕೇಳಿರದ ಹಳ್ಳಿಯ ನಟ ಅದರ ಮಟ್ಟಿನಲ್ಲಿ ಕನ್ನಡದ ಅರ್ಜುನನಾಗಿ ಹಾಡುತ್ತಾನೆ.

ಇದನ್ನು ಕೇವಲ ಅನುಕರಣೆಯೆಂದು ತಳ್ಳಿಹಾಕುವ ಅಭಿಪ್ರಾಯ ನಮ್ಮ ರಂಗಭೂಮಿ ಇತಿಹಾಸಕಾರರಲ್ಲಿ ಬಹಳ ಕಾಲ ಬಳಕೆಯಲ್ಲಿತ್ತು. ಅದು ಅಪೂರ್ಣವಾದ ಅಭಿಪ್ರಾಯ. ಸಂಗೀತ ನಾಟಕವು ಒಂದು ಭಾಷೆಯ ಪ್ರದೇಶದಿಂದ ಇನ್ನೊಂದು ಭಾಷೆಯ ಪ್ರದೇಶಕ್ಕೆ ಸಂಚರಿಸಿದಾಗ ಅದರಲ್ಲಿ ಯಾವ ಅಂಗ ಗಡಿ ದಾಟುತ್ತದೆ, ಯಾವುದು ದಾಟಲಾರದೆ ಹಿಂದುಳಿಯುತ್ತದೆ, ಯಾವುದನ್ನು ಆ ನೆಲದಲ್ಲಿ ಹೊಸದಾಗಿ ಹುಟ್ಟಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಮುಖ್ಯ ಆಧಾರವಾಗಿ ಇದೇ ಸೀಮೆಯ ನೆರೆಯೂರಾದ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಇಟ್ಟುಕೊಂಡಿದೆ. ಆದರೆ ಅದಕ್ಕೂ ಹಿಂದಿನ ಕೆಲವು ಘಟನೆಗಳನ್ನು ಮೊದಲು ನೋಡುವುದು ಅವಶ್ಯಕ. ಏಕೆಂದರೆ ದಕ್ಷಿಣ ಭಾರತದ ಆಧುನಿಕ ರಂಗಭೂಮಿಯ ಹುಟ್ಟಿನ ಕಥೆ ಹೆಚ್ಚುಕಡಮೆ ಅನ್ಯಭಾಷೆಯ ನಾಟಕ ನೋಡಿದವರ ಕಥೆಯೇ ಆಗಿದೆ.

ಮೊದಲನೆಯ ಘಟನೆ 1842ರದು. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗ್ಲಿಗೆ ಹೋಗಿ ಅಲ್ಲಿಯ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಈ ಮೇಳ ಹೊನ್ನಾವರ ಬಳಿಯ ಕರ್ಕಿಯದೆಂದು ಸಂಶೋಧಕರು ಗುರುತಿಸಿದ್ದಾರೆ. ಅದನ್ನು ಕಂಡ ಸಂಸ್ಥಾನಾಧಿಪತಿಗಳು ಇಂಥದ್ದನ್ನು ಮರಾಠಿಯಲ್ಲಿ ಹೆಚ್ಚು ಸಂಸ್ಕರಿಸಿ ಸಿದ್ಧಪಡಿಸಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಈ ಪ್ರಯೋಗದಿಂದಲೇ ಎಣಿಸುತ್ತದೆ. ಭಾವೆಯವರ ನಾಟಕದ ಕಟ್ಟಡವನ್ನು ಗಮನಿಸಿದರೆ ಕನ್ನಡ ಮೇಳದಿಂದ ಅವರು ಏನನ್ನು ತೆಗೆದುಕೊಂಡರೆಂಬುದು ಸ್ಪಷ್ಟವಾಗುತ್ತದೆ. ಆರಂಭದ ಗಣಪತಿ ಸ್ತುತಿ, ಸರಸ್ವತಿಯ ಪ್ರವೇಶ, ಇಡೀ ಕಥೆಯನ್ನು ಪದ್ಯದಲ್ಲಿ ಹಾಡಿ ನಡೆಸುವ ಸೂತ್ರಧಾರ, ನಡುನಡುವೆ ವಿದೂಷಕನ ಚೇಷ್ಟೆ, ಹಾಡು ಮುಗಿದ ಮೇಲೆ ನಟರು ಅದರ ಅರ್ಥವನ್ನು ತಮ್ಮದೇ ಮಾತಿನಲ್ಲಿ ಹೇಳುವ ಕ್ರಮ, ಇವೆಲ್ಲ ಭಾಗವತರಾಟದ ಅಂಗಗಳೇ. ಕೊನೆಯ ಅಂಶವನ್ನು ವಿಶೇಷವಾಗಿ ಲಕ್ಷಿಸಬೇಕು. ಯಕ್ಷಗಾನದಲ್ಲಿ ಮಾತು ಬರೆದಿಟ್ಟದ್ದಲ್ಲ. ಪ್ರಸಂಗದ ಪದ್ಯವಷ್ಟೇ ನಿಶ್ಚಿತ, ಅರ್ಥಗಾರಿಕೆ ಆ ರಾತ್ರಿಯದು. ಹೀಗಾಗಿ ಮಾತಿನ ಜಾಗ ಮೊದಲಿನಿಂದಲೂ ತೆರವಾಗಿಯೇ ಇತ್ತು. ಆ ತೆರವಿಗೆ ಮರಾಠಿ ಬಂದು ಕೂತಿತು. ಕನ್ನಡದ ಚೌಕಟ್ಟು ಕೃಷ್ಣೆಯ ದಡದಲ್ಲಿ ಮರಾಠಿಯ ಮನೆಯಾದದ್ದು ಹೀಗೆ.

ಎರಡನೆಯದು 1880ರಲ್ಲಿ ರಾಜಮಹೇಂದ್ರಿಯಲ್ಲಿ ನಡೆದದ್ದು. ಧಾರವಾಡದ ನಾಟಕ ಸಮಾಜವೊಂದು ಅಲ್ಲಿ ಡೇರೆ ಹಾಕಿ ಹಿಂದಿ ನಾಟಕಗಳನ್ನಾಡಿತು. ಅಂದರೆ ಆಡಿದವರ ಊರಿನ ಭಾಷೆ ಒಂದು, ನಾಟಕದ ಭಾಷೆ ಬೇರೊಂದು, ನೋಡಿದವರದು ಮೂರನೆಯದು. ಆ ತಂಡ ಹೊರಟುಹೋದ ಮೇಲೆ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ತಮ್ಮ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ತೆಲುಗಿನಲ್ಲಿ ನಾಟಕವಾಡಿಸಿದರು. ಮೂರನೆಯದು 1891ರ ಮದರಾಸಿನದು. ಬಳ್ಳಾರಿಯ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸವಿನೋದಿನೀ ಸಭೆ ಅಲ್ಲಿ ತೆಲುಗು ನಾಟಕಗಳನ್ನು ಪ್ರದರ್ಶಿಸಿತು. ಅದನ್ನು ನೋಡಿದ ತರುಣ ಪಮ್ಮಲ್ ಸಂಬಂಧ ಮುದಲಿಯಾರರು ಅದೇ ವರ್ಷ ಸುಗುಣ ವಿಲಾಸ ಸಭೆಯನ್ನು ಸ್ಥಾಪಿಸಿ ತಮಿಳು ರಂಗಭೂಮಿಗೆ ಹೊಸ ದಿಕ್ಕು ತೋರಿದರು. ಅವರನ್ನು ಸೆಳೆದದ್ದು ತೆಲುಗಿನ ಪದಲಾಲಿತ್ಯವಲ್ಲ. ವಿದ್ಯಾವಂತರಾದ ಗೌರವಸ್ಥರು ಬಣ್ಣ ಹಚ್ಚಿ ರಂಗವೇರಬಹುದೆಂಬ ದೃಶ್ಯ. ಮೈಸೂರಿನಲ್ಲಿಯೂ ಸರಿಸುಮಾರು ಇದೇ ಕಾಲದಲ್ಲಿ ಪಾರ್ಸಿ ಮತ್ತು ಮರಾಠಿ ತಂಡಗಳ ಪ್ರದರ್ಶನಗಳೇ ಚಾಮರಾಜೇಂದ್ರ ಒಡೆಯರ ಆಶ್ರಯದ ನಾಟಕ ಸಭೆಗೂ ಬಸವಪ್ಪ ಶಾಸ್ತ್ರಿಗಳ ಕನ್ನಡ ನಾಟಕಗಳಿಗೂ ಪ್ರೇರಣೆಯಾದವು. ಸಮುದ್ರದಾಚೆ ಪಿನಾಂಗಿನಲ್ಲಿ ಪಾರ್ಸಿ ನಾಟಕವನ್ನು ಕಂಡ ಮಲಯರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ 'ಬಂಗ್ಸಾವನ್' ಎಂಬ ತಮ್ಮದೇ ಸಂಗೀತ ನಾಟಕ ಪ್ರಕಾರವನ್ನು ಕಟ್ಟಿಕೊಂಡರು.

ಇಷ್ಟೂ ಕಡೆಗಳಲ್ಲಿ ಕಾಣುವುದು ಒಂದೇ ಲಕ್ಷಣ. ಮಾತು ಪೂರ್ತಿ ತಿಳಿಯದ ಪ್ರೇಕ್ಷಕನು ನಾಟಕದ ರಚನೆಯನ್ನು ಮಾತು ತಿಳಿದವನಿಗಿಂತ ಸೂಕ್ಷ್ಮವಾಗಿ ನೋಡುತ್ತಾನೆ. ಪರದೆ ಹೇಗೆ ಏಳುತ್ತದೆ, ಹಾಡು ಎಲ್ಲಿ ಬರುತ್ತದೆ, ಯಾರು ಯಾವ ಕಡೆಯಿಂದ ಪ್ರವೇಶಿಸುತ್ತಾರೆ ಎಂಬುದು ಅವನ ಮನಸ್ಸಿನಲ್ಲಿ ನಿಲ್ಲುತ್ತದೆ. ಮನೆಗೆ ಹೋದವನು ಅದರೊಳಗೆ ತನ್ನ ಮಾತನ್ನು ತುಂಬಿಕೊಳ್ಳುತ್ತಾನೆ. ಅನ್ಯಭಾಷಿಕರ ಮುಂದೆ ಆಡಿದ ನಾಟಕದ ನಿಜವಾದ ಫಲ ಆ ರಾತ್ರಿಯ ಚಪ್ಪಾಳೆಯಲ್ಲಿ ಅಲ್ಲ, ಮುಂದಿನ ಸಾಲಿನಲ್ಲಿ ಆ ಊರಿನವರು ತಮ್ಮ ಭಾಷೆಯಲ್ಲಿ ಕಟ್ಟಿದ ನಾಟಕದಲ್ಲಿ ಕಾಣುತ್ತದೆ.

ಇದಕ್ಕೆ ಒಂದು ಇನ್ನೊಂದು ಮುಖವೂ ಉಂಟು. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಗದಗುಗಳಲ್ಲಿ ಮರಾಠಿ ಸಂಗೀತ ನಾಟಕ ಎಷ್ಟು ಬಲವಾಗಿ ಬೇರೂರಿತೆಂದರೆ ಅಲ್ಲಿಯ ಕನ್ನಡಿಗರಿಗೆ ಅದು ಅನ್ಯಭಾಷೆಯೆಂಬ ಭಾವನೆಯೇ ಮಾಯವಾಗಿತ್ತು. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂಬುದೂ, ಮರಾಠಿ ನಾಟ್ಯಗೀತೆಗಳಲ್ಲಿ ಕನ್ನಡದ ಮಟ್ಟುಗಳು ಸೇರಿಕೊಂಡಿರುವುದೂ ನಿಜ. ಆದರೆ ಮಟ್ಟು ನಮ್ಮದಾಗಿ ಮಾತು ನಮ್ಮದಲ್ಲದಿರುವ ಆ ಸ್ಥಿತಿ ಶಾಂತಕವಿಗಳನ್ನು ಕಾಡಿತು. ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಗದುಗಿನಲ್ಲಿ ನಾಟಕ ಮಂಡಳಿ ಕಟ್ಟಿ 'ಉಷಾಹರಣ'ದಂತಹ ಕೃತಿಗಳನ್ನು ಬರೆದದ್ದು ಈ ಸಂಕಟದಿಂದ. ಪ್ರೇಕ್ಷಕನಿಗೆ ಅನ್ಯಭಾಷೆಯ ನಾಟಕ ಅರ್ಧ ತಿಳಿದರೆ ಅದು ಅವನನ್ನು ಎಚ್ಚರಿಸುತ್ತದೆ. ಪೂರ್ತಿ ಒಗ್ಗಿಹೋದರೆ ಅವನ ಭಾಷೆಯನ್ನೇ ಮೂಲೆಗೊತ್ತುತ್ತದೆ. ಶಾಂತಕವಿಗಳ ಕಾಲದ ಈ ಪಾಠವನ್ನು ಕನ್ನಡ ರಂಗಭೂಮಿಯ ಚರ್ಚೆಗಳಲ್ಲಿ ಸಾಕಷ್ಟು ಪರಿಗಣಿಸಿಲ್ಲ.

ಇನ್ನು ಗುಬ್ಬಿಯ ವಿಷಯ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಆರಂಭವಾದದ್ದು 1884ರಲ್ಲಿ. ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಗೇಜ್ ರೈಲು ಬಂದದ್ದೂ ಅದೇ ವರ್ಷ; 1889ರ ವೇಳೆಗೆ ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೂಲಕ ಅದು ಹರಿಹರವನ್ನು ಮುಟ್ಟಿತು. ಈ ಕಾಲಸಾಮ್ಯವನ್ನು ಆಕಸ್ಮಿಕವೆಂದು ಬಿಡಬಹುದಾದರೂ ಅದರ ಪರಿಣಾಮ ಆಕಸ್ಮಿಕವಲ್ಲ. ಪರದೆ, ಕಟ್ಟೌಟು, ಉಡುಪಿನ ಪೆಟ್ಟಿಗೆ, ಅಡಿಗೆಯ ಪಾತ್ರೆಗಳೊಡನೆ ನೂರಾರು ಜನರ ಸಂಸಾರವೊಂದು ಊರಿಂದೂರಿಗೆ ಮೊಕ್ಕಾಂ ಬದಲಿಸಬೇಕಾದರೆ ಎತ್ತಿನ ಗಾಡಿಯನ್ನಷ್ಟೇ ನಂಬಿದ್ದರೆ ಆಗುತ್ತಿರಲಿಲ್ಲ. ತೆಂಗಿನ ಸೀಮೆಯ ಕೊಬ್ಬರಿಯನ್ನು ಉತ್ತರ ಭಾರತದ ಪೇಟೆಗಳಿಗೆ ಸಾಗಿಸಿದ ದಾರಿಯೇ ನಾಟಕವನ್ನೂ ಸಾಗಿಸಿತು. ಇದಕ್ಕೆ ಮೊದಲು ಇದೇ ನೆಲದ ಆಟವಾಗಿದ್ದ ಮೂಡಲಪಾಯ ಯಕ್ಷಗಾನ ತನ್ನ ಮಾತಿನ ಸೊಗಡನ್ನೂ ಭಾಗವತರ ಪದಗಳನ್ನೂ ಇಟ್ಟುಕೊಂಡು ಸೀಮೆಯೊಳಗೇ ಉಳಿದದ್ದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ.

ಗುಬ್ಬಿ ವೀರಣ್ಣನವರ (1891-1972) ಕಾಲದಲ್ಲಿ ಕಂಪನಿ ಕನ್ನಡನಾಡಿನ ಗಡಿಯನ್ನು ದಾಟಿ ತಮಿಳು, ತೆಲುಗು ಪ್ರದೇಶಗಳಲ್ಲಿಯೂ ಮೊಕ್ಕಾಂ ಮಾಡಿತು. ಅವರಿಗೆ ಸಂದ ಬಿರುದುಗಳಲ್ಲಿ 'ನಾಟಕರತ್ನ'ದೊಡನೆ 'ಕರ್ನಾಟಕಾಂಧ್ರ ನಾಟಕ ಸಾರ್ವಭೌಮ' ಎಂಬುದೂ ಸೇರಿದೆ. ಈ ಎರಡನೆಯ ಬಿರುದು ಬರಿಯ ಉಪಚಾರವಲ್ಲ. ತೆಲುಗು ಬಲ್ಲ ಪ್ರೇಕ್ಷಕರ ಮನ್ನಣೆಗೆ ಸಾಕ್ಷಿ. ತುಮಕೂರು ಜಿಲ್ಲೆಯಲ್ಲಿಯೇ ಪಾವಗಡದ ಕಡೆಗೆ ತೆಲುಗು ಮನೆಮಾತು. ಪೇಟೆಗಳಲ್ಲಿ ಉರ್ದು ಧಾರಾಳ. ಆದ್ದರಿಂದ ಕಂಪನಿಯ ನಟನಿಗೆ ಅನ್ಯಭಾಷಿಕ ಪ್ರೇಕ್ಷಕನೆಂಬುವನು ದೂರದ ಮದರಾಸಿನಲ್ಲಿ ಮೊದಲು ಎದುರಾದವನಲ್ಲ, ತನ್ನ ಜಿಲ್ಲೆಯ ಸಂತೆಯಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದವನು.

ಇಂತಹ ಪ್ರೇಕ್ಷಕರನ್ನು ಕಂಪನಿ ನಾಟಕ ಮೊದಲು ಹಿಡಿದದ್ದು ಮಟ್ಟಿನಿಂದ. ತಮಿಳರೂ ತೆಲುಗರೂ ಇದನ್ನು 'ಮೆಟ್ಟು' ಎನ್ನುತ್ತಾರೆ, ಮರಾಠಿಗರು 'ಚಾಲ್' ಎನ್ನುತ್ತಾರೆ. ಶಬ್ದವೇ ಗಡಿ ದಾಟಿರುವುದು ಗಮನಾರ್ಹ. ಒಂದು ಊರಿನಲ್ಲಿ ಜನಪ್ರಿಯವಾದ ಹಾಡಿನ ಧಾಟಿಗೆ ಕವಿ ತನ್ನ ಭಾಷೆಯ ಪದಗಳನ್ನು ಕೂಡಿಸುತ್ತಾನೆ. ಪಾರ್ಸಿ ನಾಟಕದ ಧಾಟಿಯೊಂದು ಏಕಕಾಲದಲ್ಲಿ ಮರಾಠಿ, ಕನ್ನಡ, ತಮಿಳು, ತೆಲುಗು ನಾಟಕಗಳಲ್ಲಿ ಬೇರೆ ಬೇರೆ ಸಂದರ್ಭಗಳಿಗೆ ಒದಗಿಬರುತ್ತಿತ್ತು. ಇದರಿಂದ ವಿಚಿತ್ರವಾದ ಅನುಕೂಲವೊಂದು ಉಂಟಾಯಿತು. ಕನ್ನಡ ತಿಳಿಯದ ಪ್ರೇಕ್ಷಕನು ಹಾಡಿನ ಮೊದಲ ಆವರ್ತದಲ್ಲಿಯೇ ಅದನ್ನು ಗುರುತು ಹಿಡಿಯುತ್ತಾನೆ. ಪದ ಹೊಸದು, ಸ್ವರ ಪರಿಚಿತ. ಅದು ವಿರಹದ ಧಾಟಿಯೋ ವೀರದ ಧಾಟಿಯೋ ಎಂಬುದು ಅವನಿಗೆ ತನ್ನ ಭಾಷೆಯ ನಾಟಕದಿಂದಲೇ ಗೊತ್ತು. ಹೀಗೆ ಮಟ್ಟು ಒಂದು ಬಗೆಯ ಅರ್ಥಸೂಚಿಯಂತೆ ಕೆಲಸ ಮಾಡಿತು. ಇದರ ಜೊತೆಗೆ ಹಾಡುಗಳನ್ನೂ ಕಥಾಸಾರವನ್ನೂ ಅಚ್ಚು ಹಾಕಿಸಿದ ಸಣ್ಣ ಪುಸ್ತಕಗಳು ನಾಟಕಗೃಹದ ಬಾಗಿಲಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ವೃತ್ತ, ಕಂದಗಳನ್ನು ರಾಗವೆತ್ತಿ ಹಾಡುವ ಪದ್ಧತಿಯಂತೂ ಕನ್ನಡ ತೆಲುಗುಗಳೆರಡಕ್ಕೂ ಸಮಾನ. ಎರಡೂ ಭಾಷೆಗಳ ಪದ್ಯಗಳಲ್ಲಿ ಸಂಸ್ಕೃತ ಶಬ್ದಗಳು ತುಂಬಿರುವುದರಿಂದ ಕೃಷ್ಣ ಸಂಧಾನದ ಪದ್ಯವೊಂದು ತೆಲುಗು ಕಿವಿಗೆ ಅರೆಪಾಲಾದರೂ ತಾಗುತ್ತದೆ. ಪೌರಾಣಿಕ ನಾಟಕ ಸಾಮಾಜಿಕ ನಾಟಕಕ್ಕಿಂತ ಸುಲಭವಾಗಿ ಸಂಚರಿಸಿದ್ದಕ್ಕೆ ಕಥೆ ತಿಳಿದಿರುವುದೊಂದೇ ಕಾರಣವಲ್ಲ, ಈ ಶಬ್ದಸಂಪತ್ತೂ ಕಾರಣ.

ಮಟ್ಟಿನ ವಿಷಯ ಇಷ್ಟು ಸುಗಮವಾದರೆ ಹಾಸ್ಯದ ವಿಷಯ ಕಠಿಣ. ವೀರಣ್ಣನವರು ಹೆಸರಾದದ್ದು ಹಾಸ್ಯನಟರಾಗಿ. ಬೆಳ್ಳಾವೆ ನರಹರಿಶಾಸ್ತ್ರಿಗಳ 'ಸದಾರಮೆ'ಯಲ್ಲಿ ಅವರ ಕಳ್ಳನ ಪಾತ್ರ ಐತಿಹ್ಯದಂತಾಗಿದೆ. ಈ ಕಳ್ಳನ ಹಾಸ್ಯವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಪದರಗಳಿವೆ. ಒಂದು, ದೇಹದ್ದು: ನಡಿಗೆ, ನೋಟ, ಬೆದರಿ ನಿಲ್ಲುವುದು, ಮತ್ತೆ ಧೈರ್ಯ ತಂದುಕೊಳ್ಳುವುದು. ಇನ್ನೊಂದು, ಸನ್ನಿವೇಶದ್ದು: ಎದುರಿಗಿರುವವನು ಕಳ್ಳನೆಂದು ಸಭೆಗೆಲ್ಲ ತಿಳಿದಿದೆ, ಕಾಡಿನಲ್ಲಿ ಒಂಟಿಯಾಗಿ ಸಿಕ್ಕ ನಾಯಕಿಗೆ ಮಾತ್ರ ತಿಳಿದಿಲ್ಲ. ಮತ್ತೊಂದು, ಮಾತಿನದು: ಶ್ಲೇಷೆ, ಗಾದೆ, ಆಡುನುಡಿಯ ಎಳೆತ, ಆಯಾ ಊರಿನ ಬೀದಿ ಪೇಟೆಗಳ ಉಲ್ಲೇಖ. ಮೊದಲೆರಡು ಪದರಗಳಿಗೆ ಅನುವಾದ ಬೇಡ. ಮೂರನೆಯದಕ್ಕೆ ಅನುವಾದ ಸಾಧ್ಯವಿಲ್ಲ. ಗುಬ್ಬಿಯ ಕಡೆಯ ಗ್ರಾಮ್ಯ ನುಡಿಯಲ್ಲಿ ನಗೆಯುಕ್ಕಿಸುವ ಮಾತು ಹುಬ್ಬಳ್ಳಿಯಲ್ಲಿಯೇ ಮುಗ್ಗರಿಸಬಹುದು. ಇನ್ನು ಮದರಾಸಿನ ಪಾಡೇನು? ಕಂಪನಿ ನಾಟಕ ಕಂಡುಕೊಂಡ ಪರಿಹಾರ ಅದರ ಹಳೆಯ ಸಂಪ್ರದಾಯದಲ್ಲಿಯೇ ಇತ್ತು. ಹಾಸ್ಯದ ಪಾತ್ರಧಾರಿಗೆ ಲಿಖಿತ ಮಾತಿನಿಂದ ಹೊರಗೆ ಹೋಗುವ ಸ್ವಾತಂತ್ರ್ಯ ಮೊದಲಿನಿಂದ ಇದ್ದುದರಿಂದ ಆತ ಮೊಕ್ಕಾಮಿನ ಊರಿಗೆ ಬಂದೊಡನೆ ಅಲ್ಲಿಯ ಆಡುಮಾತಿನ ತುಣುಕುಗಳನ್ನು ಕಲಿತು ಹಾಸ್ಯಕ್ಕೆ ಸೇರಿಸಿಕೊಳ್ಳಬಹುದಿತ್ತು. ರಾಜ ರಾಣಿಯರು ಗ್ರಂಥಭಾಷೆಯಲ್ಲಿ ಮಾತನಾಡುತ್ತಿರುವಾಗ ಕಳ್ಳ, ಸೇವಕ, ಕೊತ್ವಾಲರು ಸಭೆಯ ಭಾಷೆಗೆ ಹೊರಳುತ್ತಾರೆ. ಸಂಸ್ಕೃತ ನಾಟಕದಲ್ಲಿ ವಿದೂಷಕನಿಗೆ ಪ್ರಾಕೃತವನ್ನು ಕೊಟ್ಟ ತತ್ವ ಇಲ್ಲಿ ಬೇರೊಂದು ರೂಪದಲ್ಲಿ ಕೆಲಸ ಮಾಡುತ್ತದೆ.

'ಸದಾರಮೆ'ಯ ಆಯ್ಕೆಯಲ್ಲಿಯೂ ವಿವೇಕವಿದೆ. ಗಂಡುವೇಷ ಧರಿಸಿ ಕಷ್ಟಗಳನ್ನು ಗೆಲ್ಲುವ ಈ ರಾಣಿಯ ಕಥೆ ತಮಿಳು ರಂಗಭೂಮಿಯಲ್ಲಿಯೂ 'ಸದಾರಂ' ಎಂದು ಮನೆಮಾತಾಗಿತ್ತು. 1935ರಲ್ಲಿ ರಾಜಾ ಚಂದ್ರಶೇಖರರ ನಿರ್ದೇಶನದಲ್ಲಿ ವೀರಣ್ಣ ಮತ್ತು ಅಶ್ವತ್ಥಮ್ಮನವರಿದ್ದ ಕನ್ನಡ 'ಸದಾರಮೆ' ಚಲನಚಿತ್ರವೂ, ಕೆ. ಸುಬ್ರಹ್ಮಣ್ಯಂ ಅವರ ತಮಿಳು 'ನವೀನ ಸದಾರಂ' ಚಿತ್ರವೂ ಒಂದೇ ವರ್ಷ ತೆರೆಕಂಡದ್ದು ಆ ಕಥೆಯ ವ್ಯಾಪ್ತಿಯನ್ನು ತೋರಿಸುತ್ತದೆ. 'ಗುಲೇಬಕಾವಲಿ'ಯ ಕಥೆಯೂ ಹಾಗೆಯೇ, ಉರ್ದುವಿನಿಂದ ಪಾರ್ಸಿ ರಂಗಕ್ಕೆ ಬಂದು ಅಲ್ಲಿಂದ ದಕ್ಷಿಣದ ಭಾಷೆಗಳಿಗೆ ಹರಡಿತು. ರಾಮಾಯಣ ಭಾರತಗಳ ಹೊರಗೂ ನಾಲ್ಕು ಭಾಷೆಗಳ ಪ್ರೇಕ್ಷಕರಿಗೆ ಸಮಾನವಾಗಿ ತಿಳಿದ ಒಂದು ಕಥಾಭಂಡಾರವಿತ್ತು. ಸಂಚಾರಿ ಕಂಪನಿಗಳು ಅದರ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದವು.

ಮೂರನೆಯ ಸಾಧನ ವೈಭವ. 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ದಲ್ಲಿ ವೀರಣ್ಣನವರು ಜೀವಂತ ಆನೆ, ಕುದುರೆಗಳನ್ನು ರಂಗದ ಮೇಲೆ ತಂದದ್ದು ಪ್ರಸಿದ್ಧ ಸಂಗತಿ. ಮುಂದೆ 'ದಶಾವತಾರ' ನಾಟಕದಲ್ಲಿ ಕ್ಷಣಮಾತ್ರದಲ್ಲಿ ಬದಲಾಗುವ ದೃಶ್ಯಗಳು, ಬೆಳಕಿನ ಚಮತ್ಕಾರಗಳು ಜನರನ್ನು ಬೆರಗುಗೊಳಿಸಿದವು. ಇವುಗಳಿಗೆ ಭಾಷೆಯ ಹಂಗಿಲ್ಲ. ಆದರೆ ವೈಭವವನ್ನು ಅವಲಂಬಿಸಿದಷ್ಟೂ ನಾಟಕದಲ್ಲಿ ಮಾತಿಗೆ ಸಿಗುವ ಅವಕಾಶ ಕಡಿಮೆಯಾಗುವುದು ಅನಿವಾರ್ಯ. ಆನೆ ರಂಗದ ಮೇಲಿರುವಾಗ ದುರ್ಯೋಧನನ ತರ್ಕವನ್ನು ಯಾರು ಕೇಳುತ್ತಾರೆ? ಆನೆ ಕುದುರೆಗಳು ಕಂಪನಿಯೊಡನೆಯೇ ಹೋದವು. ತೆಂಗಿನ ಸೀಮೆಯ ಹಳ್ಳಿಗಳಲ್ಲಿ ಉಳಿದುಬಂದ 'ಕುರುಕ್ಷೇತ್ರ'ದಲ್ಲಿ ಇರುವುದು ಪದ್ಯ ಮತ್ತು ವಾಗ್ವಾದ ಮಾತ್ರ. ಕೃಷ್ಣನ ಸಂಧಾನವನ್ನೂ ಕರ್ಣ ಕುಂತಿಯರ ಭೇಟಿಯನ್ನೂ ಬೆಳಗಿನ ಜಾವದವರೆಗೆ ಕುಳಿತು ಕೇಳುವ ಜನ ಇಲ್ಲಿದ್ದಾರೆ. ಸ್ವಭಾಷೆಯ ಪ್ರೇಕ್ಷಕರು ಮಾತನ್ನು ಉಳಿಸಿಕೊಂಡರು. ಹೊರಗಿನ ಪ್ರೇಕ್ಷಕರಿಗೆ ಹೆಚ್ಚಾಗಿ ತಲುಪಿದ್ದು ದೃಶ್ಯ. ಒಂದೇ ಕಂಪನಿಯ ನಾಟಕ ಎರಡು ಬಗೆಯ ಸಭೆಗಳಲ್ಲಿ ಎರಡಾಗಿ ಉಳಿಯಿತೆನ್ನಬೇಕು.

ಮಾತನ್ನೇ ಬದಲಿಸಿ ಇನ್ನೊಂದು ಭಾಷೆಯಲ್ಲಿ ಅಭಿನಯಿಸುವ ಮಾರ್ಗ ಎಲ್ಲಕ್ಕಿಂತ ಪ್ರಯಾಸದ್ದು. ಆಂಧ್ರದ ಸುರಭಿ ನಾಟಕ ಕುಟುಂಬಗಳು ಇದಕ್ಕೆ ಉಜ್ವಲ ನಿದರ್ಶನ. ಮರಾಠಿ ಮೂಲದ ತೊಗಲುಬೊಂಬೆಯವರ ಈ ಮನೆತನಗಳು 1885ರಿಂದ ತೆಲುಗು ನಾಟಕವನ್ನೇ ಬದುಕಾಗಿಸಿಕೊಂಡವು. ಕನ್ನಡದ ಕಲಾವಿದರಲ್ಲಿ ನೆಲಮಂಗಲ ಕಡೆಯ ಚೌಡಸಂದ್ರದಲ್ಲಿ ಹುಟ್ಟಿದ ಹೊನ್ನಪ್ಪ ಭಾಗವತರು ತಮಿಳು ಚಿತ್ರಗಳಲ್ಲಿ ಗಾಯಕ ನಟರಾಗಿ ಮೆರೆದರು. ಗುಬ್ಬಿ ಕಂಪನಿಯ ಬಿ. ಜಯಮ್ಮನವರು ತೆಲುಗಿನ 'ಸ್ವರ್ಗಸೀಮ'ದಲ್ಲಿ (1945) ಅಭಿನಯಿಸಿದರು. 1954ರ 'ಬೇಡರ ಕಣ್ಣಪ್ಪ' ಗುಬ್ಬಿ ಕಂಪನಿಯ ಬಳಗದಿಂದಲೇ ಬಂದ ಚಿತ್ರ; ಅದೇ ಕಥೆ ಅದೇ ವರ್ಷ ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಎಂದಾದಾಗ ನಾಯಕರಾಗಿ ರಾಜಕುಮಾರರೇ ಇದ್ದರು. ಚಲನಚಿತ್ರ ಈ ಕೆಲಸವನ್ನು ಸುಲಭವಾಗಿಸಿತು. ದೃಶ್ಯ ಒಂದು ಕಡೆ, ಧ್ವನಿ ಒಂದು ಕಡೆ ಎಂದು ಬೇರ್ಪಡಿಸಲು ಅದಕ್ಕೆ ಸಾಧ್ಯ. ರಂಗದ ಮೇಲೆ ನಟನ ಉಸಿರೇ ಮಾತು; ಅದನ್ನು ಬೇರ್ಪಡಿಸಲಾಗದು. ಸಂಚಾರಿ ಸಂಗೀತ ನಾಟಕದ ಬಹುಭಾಷಾ ಪ್ರೇಕ್ಷಕರನ್ನು ಸಿನಿಮಾ ಇಡಿಯಾಗಿ ಕೊಂಡೊಯ್ದದ್ದಕ್ಕೆ ಹೇಳಲಾಗುವ ಅನೇಕ ಕಾರಣಗಳಲ್ಲಿ ಇದೂ ಒಂದೆಂದು ನನ್ನ ಊಹೆ.

ಇದಕ್ಕೆ ತದ್ವಿರುದ್ಧವಾದ ದಾರಿಯೆಂದರೆ ಮಾತನ್ನು ಪೂರ್ತಿ ತೆಗೆದುಬಿಡುವುದು. ಶಿವರಾಮ ಕಾರಂತರು 'ಯಕ್ಷರಂಗ'ದ ಮೂಲಕ ಮಾಡಿದ್ದು ಅದನ್ನು. ಅರ್ಥಗಾರಿಕೆಯನ್ನು ಕೈಬಿಟ್ಟು, ಭಾಗವತರ ಹಾಡು, ಚೆಂಡೆ ಮದ್ದಳೆಗಳೊಡನೆ ಪಿಟೀಲು, ಸ್ಯಾಕ್ಸೊಫೋನುಗಳನ್ನೂ ಸೇರಿಸಿ, ಕುಣಿತ ಮತ್ತು ಅಭಿನಯದಿಂದಲೇ ಕಥೆ ಹೇಳುವ ಯಕ್ಷಗಾನ ಬ್ಯಾಲೆಯನ್ನು ಅವರು ರೂಪಿಸಿದರು. ಆ ತಂಡ ಹೊರನಾಡುಗಳಲ್ಲಿಯೂ ಹೊರದೇಶಗಳಲ್ಲಿಯೂ ಪ್ರದರ್ಶನ ನೀಡಿತು. ಕಾರಂತರ ಉದ್ದೇಶ ಅನ್ಯಭಾಷಿಕರನ್ನು ತಲುಪುವುದಷ್ಟೇ ಆಗಿರಲಿಲ್ಲ. ಮಾತಿನ ಅತಿರೇಕದಿಂದ ನೃತ್ಯ ಸಂಗೀತಗಳು ಸೊರಗಿವೆಯೆಂಬ ಕಲಾವಿಮರ್ಶೆ ಅದರ ಹಿಂದಿತ್ತು. ಆ ವಿಮರ್ಶೆಯಲ್ಲಿ ಸತ್ಯವಿದೆ. ಆದರೂ ತಾಳಮದ್ದಳೆಯಂತಹ, ಮಾತನ್ನೇ ಸರ್ವಸ್ವವಾಗಿ ಇಟ್ಟುಕೊಂಡ ಕಲೆಯನ್ನು ಕೊಟ್ಟ ಪರಂಪರೆ ಹೊರಗಿನವರ ಕಣ್ಣಿಗೆ ಮೂಕವಾಗಿ ಕಂಡಿತೆಂಬುದೂ ಅಷ್ಟೇ ಸತ್ಯ. ಆ ಬಳಿಕ ರಾಜ್ಯದ ಹೊರಗೆ ನಡೆಯುವ ಉತ್ಸವಗಳಿಗೆ ತಂಡಗಳನ್ನು ಆರಿಸುವಾಗ 'ಭಾಷೆಯ ತೊಡಕಿಲ್ಲದ' ಕಲೆಗಳಿಗೆ ಆದ್ಯತೆ ನೀಡುವುದು ರೂಢಿಯಾಯಿತು. ಡೊಳ್ಳು ಕುಣಿತ, ವೀರಗಾಸೆಗಳು ಹೋದವು, ನಾಟಕ ಮನೆಯಲ್ಲಿ ಉಳಿಯಿತು. ಮೂಡಲಪಾಯದ ಮೇಳಗಳಿಗೂ ಹೊರಗಿನ ಸಭೆಗಾಗಿ ಮಾತನ್ನು ಮೊಟಕುಗೊಳಿಸಿ ಕುಣಿತವನ್ನು ಹೆಚ್ಚಿಸಬೇಕೆಂಬ ಸಲಹೆ ಬರುವುದುಂಟು. ಕಲೆಯ ಪ್ರಾಣವನ್ನು ತೊಡಕೆಂದು ಕರೆಯುವ ಈ ಮನೋಭಾವವನ್ನು ಪ್ರಶ್ನಿಸಬೇಕಾಗಿದೆ.

ಗುಬ್ಬಿಯ ಪಾಠವನ್ನು ಮುಂದಿನ ಕಾಲಕ್ಕೆ ಅತ್ಯಂತ ಫಲವತ್ತಾಗಿ ಒಯ್ದವರು ಬಿ. ವಿ. ಕಾರಂತರು (1929-2002). ಬಾಲ್ಯದಲ್ಲಿ ಮನೆ ಬಿಟ್ಟು ಕಂಪನಿ ಸೇರಿದ ಈ ಹುಡುಗನನ್ನು ವೀರಣ್ಣನವರು ಓದಿಗಾಗಿ ಕಾಶಿಗೆ ಕಳುಹಿಸಿದರು. ಅಲ್ಲಿ ಹಿಂದಿಯಲ್ಲಿ ಉನ್ನತ ವ್ಯಾಸಂಗ ಮಾಡಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದು, ಮುಂದೆ 1977ರಿಂದ 1981ರವರೆಗೆ ಅದರ ನಿರ್ದೇಶಕರೂ ಆದರು. 1979ರಲ್ಲಿ ಅವರು ರಘುವೀರ ಸಹಾಯ್ ಅವರ ಹಿಂದಿ ಅನುವಾದದಲ್ಲಿ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್'ಅನ್ನು 'ಬರ್ನಂ ವನ' ಎಂಬ ಹೆಸರಿನಿಂದ ಯಕ್ಷಗಾನದ ನಡೆ ಲಯಗಳಲ್ಲಿ ರಂಗಕ್ಕೆ ತಂದರು. ಕಥೆ ಇಂಗ್ಲಿಷಿನದು, ಮಾತು ಹಿಂದಿಯದು, ಹೆಜ್ಜೆ ಕರಾವಳಿ ಕರ್ನಾಟಕದ್ದು, ಪ್ರೇಕ್ಷಕರು ದೆಹಲಿಯವರು. ಇಲ್ಲಿ ಮಾತನ್ನು ತೆಗೆದಿಲ್ಲ, ಹಾಗೆಂದು ಕನ್ನಡದ ಮಾತನ್ನು ಹೇರಿಯೂ ಇಲ್ಲ. ಸಾಂಗ್ಲಿಯಲ್ಲಿ ಆದಂತೆಯೇ ಚೌಕಟ್ಟು ಇಲ್ಲಿಂದ ಹೋಯಿತು, ಮಾತು ಅಲ್ಲಿಯದಾಯಿತು. ಸಾಂಗ್ಲಿಯಲ್ಲಿ ಆ ಕೆಲಸವನ್ನು ನೋಡಿದವರು ಮಾಡಿದರು. ಇಲ್ಲಿ ಒಯ್ದವರೇ ಮಾಡಿದರು.

ಕಾರಂತರ ರಂಗಸಂಗೀತ ಕಂಪನಿಯ ಮಟ್ಟಿನ ಪದ್ಧತಿಗಿಂತ ಭಿನ್ನವಾದದ್ದು. ಪ್ರಸಿದ್ಧ ಧಾಟಿಗೆ ಪದ ಕೂಡಿಸುವುದನ್ನು ಅವರು ಮುಂದುವರಿಸಲಿಲ್ಲ. ಮಾತಿನ ಲಯವನ್ನೇ ಹಿಗ್ಗಿಸಿ ಹಾಡಾಗಿಸಿದರು. ಹೀಗಾಗಿ ಭಾಷೆ ಬದಲಾದಾಗ ಸಂಗೀತವೂ ಬದಲಾಗಲೇಬೇಕಾಯಿತು. 'ಹಯವದನ'ವನ್ನು ಅವರು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ನಿರ್ದೇಶಿಸಿದರು. ಭೋಪಾಲದ ಭಾರತ ಭವನದ ರಂಗಮಂಡಲದಲ್ಲಿದ್ದಾಗ ಹಿಂದಿಯ ಜೊತೆಗೆ ಬುಂದೇಲಿಯಂತಹ ಪ್ರಾದೇಶಿಕ ನುಡಿಗಳೂ ರಂಗದ ಮೇಲೆ ಬಂದುದು ಈ ದೃಷ್ಟಿಯಿಂದ ಅರ್ಥಪೂರ್ಣ. ಪ್ರೇಕ್ಷಕನಿಗೆ ಗ್ರಂಥಸ್ಥ ಹಿಂದಿಗಿಂತ ಮನೆಮಾತು ಹತ್ತಿರ ಎಂಬುದನ್ನು ಅವರು ಬಲ್ಲರು. ಮೊಕ್ಕಾಮಿನ ಊರಿನ ಆಡುಮಾತನ್ನು ಹಾಸ್ಯಕ್ಕೆ ತಂದುಕೊಳ್ಳುತ್ತಿದ್ದ ಕಂಪನಿಯ ನಟನ ಬುದ್ಧಿ ಇಲ್ಲಿ ನಾಟಕದ ಇಡೀ ದೇಹಕ್ಕೆ ವಿಸ್ತರಿಸಿದೆ.

ಈಚಿನ ವರ್ಷಗಳಲ್ಲಿ ಉತ್ಸವಗಳಲ್ಲಿ ರಂಗದ ಮೇಲ್ಗಡೆಯೋ ಪಕ್ಕದಲ್ಲಿಯೋ ಅನುವಾದದ ಸಾಲುಗಳನ್ನು ಬೆಳಕಿನಲ್ಲಿ ಮೂಡಿಸುವ ವ್ಯವಸ್ಥೆ ಬಳಕೆಗೆ ಬಂದಿದೆ. ವಾದ ಪ್ರಧಾನವಾದ ಗದ್ಯ ನಾಟಕಕ್ಕೆ ಇದರಿಂದ ಪ್ರಯೋಜನವಿದೆ. ಸಂಗೀತ ನಾಟಕಕ್ಕೆ ಇದು ಅಷ್ಟಾಗಿ ಒಗ್ಗುವುದಿಲ್ಲ. ಹಾಡಿನಲ್ಲಿ ಒಂದೇ ಸಾಲು ನಾಲ್ಕು ಬಾರಿ ನಾಲ್ಕು ಭಾವದಲ್ಲಿ ಮರಳುತ್ತದೆ, ಬರಹದಲ್ಲಿ ಅದು ಒಂದೇ ಸಲ. ಹಾಸ್ಯದಲ್ಲಿಯಂತೂ ನಟ ಬಾಯಿ ತೆರೆಯುವ ಮೊದಲೇ ಓದಿದವರು ನಗುತ್ತಾರೆ, ಅಥವಾ ಅವನು ಮುಗಿಸಿದ ಮೇಲೆ ತಡವಾಗಿ ನಗುತ್ತಾರೆ. ಎರಡೂ ನಟನ ಲಯವನ್ನು ಕೆಡಿಸುತ್ತವೆ. ಹಾಡುಪುಸ್ತಕದ ಹಳೆಯ ಕ್ರಮವೇ ಇದಕ್ಕಿಂತ ಮೇಲೆನ್ನಿಸುತ್ತದೆ. ಕಥೆಯನ್ನೂ ಹಾಡಿನ ತಾತ್ಪರ್ಯವನ್ನೂ ಪರದೆ ಏಳುವ ಮೊದಲೇ ಪ್ರೇಕ್ಷಕನ ಕೈಗಿತ್ತು, ನಾಟಕ ನಡೆಯುವಷ್ಟು ಹೊತ್ತು ಅವನ ಕಣ್ಣನ್ನು ರಂಗದ ಮೇಲೆಯೇ ಬಿಡುವುದು ಅದರ ಗುಣ. ಇದರೊಡನೆ ಸ್ಥಳೀಯ ಭಾಷೆ ಬಲ್ಲ ಒಬ್ಬ ಹಾಸ್ಯಗಾರನಿಗೋ ಸೂತ್ರಧಾರನಿಗೋ ದೃಶ್ಯಗಳ ನಡುವೆ ಸಭೆಯೊಡನೆ ಮಾತನಾಡುವ ಅಧಿಕಾರ ಕೊಟ್ಟರೆ ನಾಟಕದ ಕನ್ನಡವನ್ನು ಮೊಟಕುಗೊಳಿಸಬೇಕಾದ ಪ್ರಮೇಯ ಬರುವುದಿಲ್ಲ. ಬಯಲಾಟದಲ್ಲಿ ಪ್ರವೇಶಿಸಿದ ಪಾತ್ರವನ್ನು ಭಾಗವತನೋ ಸಾರಥಿಯೋ ಮಾತನಾಡಿಸಿ 'ನೀವು ಯಾರು, ಬಂದ ಕಾರಣವೇನು' ಎಂದು ಕೇಳುವ ಕ್ರಮ ಹೇಗೂ ಇದೆ. ಆ ಪ್ರಶ್ನೆಯನ್ನು ಸಭೆಯ ಭಾಷೆಯಲ್ಲಿ ಕೇಳಿ ಉತ್ತರವನ್ನು ಕನ್ನಡದಲ್ಲಿ ಕೊಡಿಸುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.

ಬೋರನಕಣಿವೆಯ ಸುತ್ತಿನ ಮೇಳಗಳೂ ಹವ್ಯಾಸಿ ನಾಟಕ ಮಂಡಳಿಗಳೂ ಇನ್ನೂ ಬಳಸುತ್ತಿರುವ ಹಸ್ತಪ್ರತಿಗಳನ್ನೂ ಹಳೆಯ ಮುದ್ರಿತ ಹಾಡುಪುಸ್ತಕಗಳನ್ನೂ ಸಂಗ್ರಹಿಸಿ, ಅವುಗಳಲ್ಲಿ ಹೆಸರಿಸಿರುವ ಅನ್ಯಭಾಷೆಯ ಮಟ್ಟುಗಳ ಸೂಚಿಯೊಂದನ್ನು ಸಿದ್ಧಪಡಿಸುವುದು ಗ್ರಂಥಾಲಯಗಳೂ ವಿಶ್ವವಿದ್ಯಾಲಯಗಳೂ ಕೈಗೊಳ್ಳಬಹುದಾದ ಕೆಲಸ. ಹಾರ್ಮೋನಿಯಂ ಮೇಷ್ಟರುಗಳಲ್ಲಿ ಹಿರಿಯ ತಲೆಮಾರಿನವರು ಇರುವಾಗಲೇ ಆ ಧಾಟಿಗಳನ್ನು ಅವರಿಂದ ನುಡಿಸಿ ಧ್ವನಿಮುದ್ರಿಸಿಕೊಂಡರೆ, ಮರಾಠಿ ನಾಟ್ಯಗೀತೆಗಳ ಹಾಗೂ ತಮಿಳು, ತೆಲುಗು ನಾಟಕಗಳ ಹಳೆಯ ಗ್ರಾಮಫೋನು ತಟ್ಟೆಗಳೊಡನೆ ಹೋಲಿಸಿ ನೋಡಲು ಸಾಧ್ಯವಾಗುತ್ತದೆ.